ಸವಣೂರು ಸೀಮೆಯಲ್ಲೊಂದು ದೆವ್ವದ ನಡಿಗೆ: ಹೆಸರಿದ್ದ ಸತ್ತವರು, ಹೆಸರಿಲ್ಲದ ದೆವ್ವಗಳು

ಎಂದಿನಂತೆ ಒಂದು ಶಾಸನದಿಂದಲೇ ಶುರು ಮಾಡೋಣ. ಲಿಪಿ ಕನ್ನಡ, ಭಾಷೆ ಕನ್ನಡ. ಸಾಲು ಒಂದು, ಪದ ಎರಡು. ಬರೆದದ್ದು ಸೀಮೆಸುಣ್ಣದಲ್ಲಿ, ಕೆಲವು ಕಡೆ ಇದ್ದಿಲು ಅಥವಾ ಬಣ್ಣದಲ್ಲಿ. ಬರೆದ ಜಾಗ ಕಲ್ಲಲ್ಲ, ಮನೆಯ ಮುಂಬಾಗಿಲು. ಕಾಲ 1990ರ ದಶಕ. ಪಾಠ ಹೀಗಿದೆ: ‘ನಾಳೆ ಬಾ’.

ಆ ಕಾಲದಲ್ಲಿ ಚಿಕ್ಕವರಾಗಿದ್ದವರಿಗೆ ಇದರ ವಿವರಣೆ ಬೇಕಾಗಿಲ್ಲ. ರಾತ್ರಿ ಹೆಣ್ಣು ದೆವ್ವವೊಂದು ಊರೂರು ತಿರುಗುತ್ತದೆ, ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆರೆದವರು ಕೆಟ್ಟರು ಅಂತ ಸುದ್ದಿ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿಟ್ಟರೆ ಅದು ಓದಿಕೊಂಡು ವಾಪಸ್ಸು ಹೋಗುತ್ತದೆ, ಮರುದಿನ ಬಂದು ಮತ್ತೆ ಓದಿ ಮತ್ತೆ ಹೋಗುತ್ತದೆ. 2018ರ ‘ಸ್ತ್ರೀ’ ಅನ್ನೋ ಹಿಂದಿ ಸಿನಿಮಾ ಇದೇ ಎಳೆಯನ್ನು ಹಿಡಿದುಕೊಂಡು ಬಂತು. ಶಾಸನದ ಹುಚ್ಚಿರುವ ನಮ್ಮಂಥವರಿಗೆ ಇಲ್ಲಿ ಎರಡು ವಿಷಯ ಖುಷಿ ಕೊಡುತ್ತವೆ. ಒಂದು, ಈ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ. ಎರಡು, ಬರೆದದ್ದಕ್ಕೆ ಅದು ಬೆಲೆ ಕೊಡುತ್ತದೆ. ದಾನ ಕೊಟ್ಟ ರಾಜರು ‘ಆಚಂದ್ರಾರ್ಕ’, ಅಂದರೆ ಸೂರ್ಯ ಚಂದ್ರರಿರುವ ತನಕ, ಅಂತ ಕಲ್ಲಿನ ಮೇಲೆ ಕಡೆಸಿದರೂ ಮುಂದಿನ ತಲೆಮಾರು ಆ ಹೊಲವನ್ನು ಒತ್ತಿಕೊಂಡದ್ದುಂಟು. ಸೀಮೆಸುಣ್ಣದ ‘ನಾಳೆ’ಗೆ ಮಾತ್ರ ಅವಧಿಯೇ ಮುಗಿಯಲಿಲ್ಲ.

ಈ ದೆವ್ವದ ವಿಚಾರ ಈಗ ಯಾಕೆ ಬಂತು ಅಂದರೆ, ಪರಂಪರೆ ನಡಿಗೆಗಳ ಜೊತೆಗೆ ‘ಘೋಸ್ಟ್ ವಾಕ್’ ಅನ್ನೋದೂ ಈಗ ಜನಪ್ರಿಯವಾಗಿದೆ. ಹಳೆಯ ಊರು, ಸಂಜೆ ಹೊತ್ತು, ಕೈಯಲ್ಲಿ ಲಾಟೀನು ಹಿಡಿದ ಗೈಡು, ಓಣಿಗೊಂದು ಕಥೆ. ನಮ್ಮ ಹಾವೇರಿ ಕಡೆಯಲ್ಲೂ ಅಂಥದ್ದೊಂದು ಯಾಕಾಗಬಾರದು? ಸವಣೂರು ನವಾಬರ ಊರು, ಕೋಟೆ ಇದ್ದ ಊರು, ಗೋರಿ ಇವೆ, ವೃಂದಾವನ ಇದೆ, ಸಾಲದ್ದಕ್ಕೆ ಆ ಮೂರು ಭಾರೀ ಮರಗಳೂ ಇವೆ. ಸಾಮಗ್ರಿಗೇನೂ ಕೊರತೆ ಇಲ್ಲ. ನನಗೂ ಆಸೆ ಇದೆ. ಆದರೆ ನಡೆಸುವುದೇ ಆದರೆ ಹೇಗೆ ನಡೆಸಬೇಕು ಅನ್ನೋದರಲ್ಲಿ ನನ್ನದೊಂದು ತಕರಾರಿದೆ. ಅದನ್ನು ಹೇಳೋದಕ್ಕೆ ಮೊದಲು ಇಂಗ್ಲೆಂಡಿನ ಯಾರ್ಕ್ ಊರಿಗೊಮ್ಮೆ ಹೋಗಿ ಬರಬೇಕು.

ಯಾರ್ಕಿನ ದೆವ್ವದ ನಡಿಗೆ 1973ರಲ್ಲಿ ಶುರುವಾದದ್ದು. ಜಗತ್ತಿನಲ್ಲೇ ಇದು ಮೊದಲನೆಯದು ಅಂತ ನಡೆಸುವವರು ಹೇಳಿಕೊಳ್ಳುತ್ತಾರೆ. ಆ ಊರಿನ ಅತಿ ಪ್ರಸಿದ್ಧ ಕಥೆ ಟ್ರೆಷರರ್ಸ್ ಹೌಸ್ ಅನ್ನೋ ಮನೆಯ ನೆಲಮಾಳಿಗೆಯದು. 1953ರಲ್ಲಿ ಅಲ್ಲಿ ಕೆಲಸಕ್ಕಿಳಿದಿದ್ದ ಹುಡುಗ ಪ್ಲಂಬರ್ ಒಬ್ಬನಿಗೆ ಕಹಳೆಯ ಸದ್ದು ಕೇಳಿತಂತೆ, ಗೋಡೆಯೊಳಗಿಂದ ರೋಮನ್ ಸೈನಿಕರು ಸಾಲಾಗಿ ಬಂದರಂತೆ. ಅವರಿಗೆ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ನೆಲ ಅಗೆದು ಹಳೇ ರೋಮನ್ ರಸ್ತೆ ತೆರೆದಿದ್ದ ಜಾಗಕ್ಕೆ ಬಂದಾಗ ಮಾತ್ರ ಪಾದ ಕಂಡವು. ಅಂದರೆ ದೆವ್ವಗಳು ಈಗಿನ ನೆಲದ ಮೇಲಲ್ಲ, ತಮ್ಮ ಕಾಲದ ನೆಲದ ಮೇಲೇ ನಡೆದು ಹೋದವು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಉತ್ಖನನದ ಪದರಗಳ ಪಾಠ ಹೇಳಲು ಇದಕ್ಕಿಂತ ಒಳ್ಳೆ ಕಥೆ ನನಗಂತೂ ಗೊತ್ತಿಲ್ಲ.

ಅದೇ ಯಾರ್ಕಿನ ಮ್ಯೂಸಿಯಮ್ಮಿನಲ್ಲಿ ಒಂದು ಸಮಾಧಿಗಲ್ಲಿದೆ. ಅದರ ಮೇಲೆ ಧ್ವಜದಂಡ ಹಿಡಿದು ನಿಂತ ಸೈನಿಕ. ಕೆಳಗೆ ಲ್ಯಾಟಿನ್ ಅಕ್ಷರ: ಲೂಸಿಯಸ್ ಡುಸಿಯಸ್ ರೂಫಿನಸ್, ಈಗಿನ ಫ್ರಾನ್ಸಿನ ವಿಯೆನ್ ಊರಿನವನು, ಒಂಬತ್ತನೇ ಲೀಜನ್ನಿನ ಧ್ವಜಧಾರಿ, ವಯಸ್ಸು 28. ಇವನಿಗೆ ಹೆಸರುಂಟು, ಊರುಂಟು, ಹುದ್ದೆಯುಂಟು. ನೆಲಮಾಳಿಗೆಯ ಸೈನಿಕರಿಗೆ ಕಹಳೆ ಒಂದನ್ನು ಬಿಟ್ಟರೆ ಏನೂ ಇಲ್ಲ. ಆದರೂ ಪ್ರವಾಸಿಗಳಿಗೆ ನೆನಪಿರುವುದು ಮೊಣಕಾಲಿಲ್ಲದವರು, ರೂಫಿನಸ್ ಅಲ್ಲ.

ನನ್ನ ತಕರಾರು ಇದೇ. ದೆವ್ವಕ್ಕೆ ಹೆಸರಿರುವುದಿಲ್ಲ. ‘ಒಬ್ಬ ರಾಣಿ’, ‘ಒಬ್ಬ ಸೈನಿಕ’, ‘ಬಾವಿಗೆ ಹಾರಿದ ಸೊಸೆ’. ಹೆಸರು, ತಿಥಿ, ಕಾರಣ ಗೊತ್ತಿದ್ದ ಸಾವು ದೆವ್ವದ ಕಥೆಯಾಗಲು ಅಷ್ಟು ಸುಲಭವಾಗಿ ಒಪ್ಪೋದಿಲ್ಲ. ನಮ್ಮ ಸೀಮೆಯಲ್ಲಿ ಹೆಸರಿದ್ದ ಸತ್ತವರು ಕಲ್ಲು ಕಲ್ಲಿಗೂ ಸಿಗುತ್ತಾರೆ. ಅವರನ್ನು ಬಿಟ್ಟು ಇಲ್ಲದ ದೆವ್ವಗಳನ್ನು ಕರೆತರುವ ಅಗತ್ಯವೇನು?

ಇನ್ನು ಸವಣೂರಿಗೆ ಬರೋಣ. ನಡಿಗೆ ಶುರು ಮಾಡಬೇಕಾದ್ದು ದೊಡ್ಡ ಹುಣಸೆ ಕಲ್ಮಠದಿಂದ. ಅಲ್ಲಿನ ಮೂರು ಬಾವೋಬಾಬ್ ಮರಗಳಿಗೆ ಊರವರು ‘ದೊಡ್ಡ ಹುಣಸೆ’ ಅಂತಾರೆ. ಹುಣಸೆ ಮರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಆಫ್ರಿಕಾ ಮೂಲದ ಮರ, ಕಾಯಿಯ ತಿರುಳು ಹುಳಿ, ಅದಕ್ಕೇ ಆ ಹೆಸರು ಬಂದಿರಬೇಕು. ಆದರೆ ಕನ್ನಡದ ದೆವ್ವದ ಕಥೆಗಳಲ್ಲಿ ಹುಣಸೆ ಮರದ ಸ್ಥಾನ ಏನು ಅಂತ ನಿಮಗೆ ಗೊತ್ತು. ಎಲ್ಲ ಊರಿನ ದೆವ್ವಗಳ ಖಾಯಂ ವಿಳಾಸ ಅದು. ಸಾಮಾನ್ಯ ಹುಣಸೆಯಲ್ಲೇ ಒಂದು ದೆವ್ವ ಇದ್ದರೆ ದೊಡ್ಡ ಹುಣಸೆಯಲ್ಲಿ ಎಷ್ಟಿರಬೇಡ! ಇನ್ನೊಂದು ಸಂಗತಿ: ಈ ಮರದ ತವರಾದ ಪಶ್ಚಿಮ ಆಫ್ರಿಕಾದ ಸೆನೆಗಲ್ಲಿನಲ್ಲಿ, ಹಾಡಿ ಹೊಗಳುವ ‘ಗ್ರಿಯೋ’ಗಳನ್ನು, ಅಂದರೆ ವಂಶಾವಳಿ ಹೇಳುವ ಭಟ್ಟರಂಥವರನ್ನು, ಸತ್ತ ಮೇಲೆ ಟೊಳ್ಳಾದ ಬಾವೋಬಾಬಿನ ಹೊಟ್ಟೆಯೊಳಗೇ ಇಡುತ್ತಿದ್ದರು. ಹೊಗಳುಭಟ್ಟರಿಗೆ ನೆಲ ಸಿಗಲಿಲ್ಲ, ಮರ ಸಿಕ್ಕಿತು.

ಸವಣೂರಿನ ಮರಗಳಿಗೆ ಎರಡು ಸಾವಿರ ವರ್ಷ, ಐದು ಸಾವಿರ ವರ್ಷ ಅಂತ ಲೆಕ್ಕ ಹೇಳುವವರಿದ್ದಾರೆ. ಕಾಂಡದ ಸುತ್ತಳತೆ ನೋಡಿ ವಯಸ್ಸು ಹೇಳುವುದು ಅಕ್ಷರ ನೋಡದೆ ಶಾಸನದ ಕಾಲ ಹೇಳಿದಂತೆ, ಅಷ್ಟೇ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿತು. ಅದನ್ನು ಮತ್ತೆ ಎತ್ತಿ ನೆಟ್ಟರು. ಒಂದು ಮರಕ್ಕಾಗಿ ಅಷ್ಟು ಓಡಾಡಿದ ಊರು ಸವಣೂರು. ಇದನ್ನು ನಡಿಗೆಯಲ್ಲಿ ಹೇಳದೆ ಬಿಡಬಾರದು.

ಮರದ ಪೊಟರೆ ನೋಡಿದಾಗಲೆಲ್ಲ ನನಗೆ ಶಾಸನಗಳ ಕೊನೆಯ ಭಾಗ ನೆನಪಾಗುತ್ತದೆ. ದಾನಶಾಸನಗಳ ಶಾಪಾಶಯ ಓದಿದವರಿಗೆ ಗೊತ್ತು. ದತ್ತಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಅನ್ನೋದು ಎಲ್ಲ ಕಡೆ ಸಿಗುವ ಶಾಪ. ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ಬರುತ್ತದೆ ಅನ್ನೋದು ಇನ್ನೊಂದು. ಇನ್ನೂ ಒಂದಿದೆ. ನೀರಿಲ್ಲದ ವಿಂಧ್ಯದ ಕಾಡಿನಲ್ಲಿ ಒಣಗಿದ ಮರದ ಪೊಟರೆಯೊಳಗೆ ಕರಿಹಾವಾಗಿ ಹುಟ್ಟುವುದು. ಗಮನಿಸಿ: ಹುಳು, ಹಾವು, ನರಕ ಎಲ್ಲ ಬಂದವು, ಆದರೆ ಸಾಮಾನ್ಯವಾಗಿ ಸಿಗುವ ಈ ಸೂತ್ರಗಳಲ್ಲಿ ‘ದೆವ್ವ ನಿನ್ನನ್ನು ಹಿಡಿಯುತ್ತದೆ’ ಅನ್ನೋ ಹೆದರಿಕೆ ಇಲ್ಲ. ಶಾಸನ ಬರೆಸಿದವರಿಗೆ ಭಯ ಹುಟ್ಟಿಸುವುದು ಬೇಕಿತ್ತು. ಆದರೆ ಅದು ಸತ್ತವರ ಭಯವಲ್ಲ, ಮುಂದಿನ ಹುಟ್ಟಿನ ಭಯ.

ಮರಗಳಿಂದ ಊರೊಳಗೆ ಬಂದರೆ ನವಾಬರ ಕಾಲ. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿದ ಮೇಲೆ, ಆದಿಲಶಾಹಿ ಸರದಾರರಾಗಿದ್ದ ಮಿಯಾಣ ಪಠಾಣ ಮನೆತನದ ಅಬ್ದುಲ್ ರವೂಫ್ ಖಾನ್ ಮೊಘಲರಿಂದ ಈ ಸೀಮೆ ಪಡೆದ. ಬಂಕಾಪುರದಲ್ಲಿದ್ದ ಠಾಣೆ ಸವಣೂರಿಗೆ ಬಂತು. ಮುಂದೆ ಮರಾಠರು, ನಿಜಾಮ, ಹೈದರ್, ಟಿಪ್ಪು ಈ ನಾಲ್ವರ ನಡುವೆ ಸಿಕ್ಕಿ ನವಾಬರು ಪಟ್ಟ ಪಾಡು ದೊಡ್ಡ ಕಥೆ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಸವಣೂರಿಗೆ ಮುತ್ತಿಗೆ ಹಾಕಿದ. ನಿಜಾಮ ಸಲಾಬತ್ ಜಂಗ್ ಅವನ ಜೊತೆ ಸೇರಿದ, ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಬಂದವು. ಒಳಗೆ ನವಾಬನ ಜೊತೆ ಗುತ್ತಿಯ ಮುರಾರಿರಾವ್ ಘೋರ್ಪಡೆ ಇದ್ದ. ಕೊನೆಗೆ ನವಾಬ ದೊಡ್ಡ ಸೀಮೆಯನ್ನೇ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡ. ಆಮೇಲೆ ಹೈದರನ ಮನೆಗೂ ಸವಣೂರಿನ ಮನೆಗೂ ಮದುವೆ ಸಂಬಂಧಗಳಾದವು. ಅಷ್ಟಾದರೂ 1786ರಲ್ಲಿ ಟಿಪ್ಪು ಬಂದಾಗ ನವಾಬ ಅಬ್ದುಲ್ ಹಕೀಂ ಖಾನ್ ಊರು ಬಿಟ್ಟು ಮರಾಠರ ಪಾಳೆಯಕ್ಕೆ ಓಡಬೇಕಾಯಿತು. ಇದೇ ಕಾಲದಲ್ಲಿ, 1783ರಲ್ಲಿ, ಉತ್ತರಾದಿ ಮಠದ ಸತ್ಯಬೋಧ ತೀರ್ಥರು ಸವಣೂರಿನಲ್ಲಿ ವೃಂದಾವನಸ್ಥರಾದರು. ಒಂದು ಊರಿನೊಳಗೆ ನವಾಬರ ಗೋರಿಯೂ ಯತಿಗಳ ವೃಂದಾವನವೂ ಇವೆ. ಎರಡಕ್ಕೂ ದೀಪ ಹಚ್ಚುವವರಿದ್ದಾರೆ, ಹಾಗಾಗಿ ಎರಡೂ ಕಡೆ ದೆವ್ವಕ್ಕೆ ಕೆಲಸವಿಲ್ಲ. ಹೇಳಬೇಕೆಂದರೆ ನಮ್ಮ ಕಡೆ ‘ಗಾಳಿ ಹಿಡದೈತಿ’ ಅನ್ನಿಸಿಕೊಂಡವರನ್ನು ಕರಕೊಂಡು ಹೋಗುವುದೇ ಇಂಥ ಗೋರಿ, ವೃಂದಾವನಗಳಿಗೆ. ಯಾರ್ಕಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಅಲ್ಲಿ ದೆವ್ವ ಇರುವುದು ಗೋರಿಯ ಹತ್ತಿರ. ಇಲ್ಲಿ ದೆವ್ವ ಬಿಡಿಸುವುದು ಗೋರಿಯ ಹತ್ತಿರ.

ಆದರೆ 1756ರಲ್ಲಿ ತೋಪಿನ ಗುಂಡಿಗೆ ಸತ್ತ ಸಾಮಾನ್ಯ ಸಿಪಾಯಿ, ಕಹಾರ, ನೀರು ಹೊರುವವ, ಓಣಿಯ ಹೆಂಗಸು ಮಕ್ಕಳು, ಇವರ ಕಲ್ಲು ಎಲ್ಲಿ? ವೀರಗಲ್ಲು ನಿಲ್ಲಿಸುವ ಪದ್ಧತಿ ಅಷ್ಟು ಹೊತ್ತಿಗೆ ಸೊರಗಿತ್ತು. ಅದಕ್ಕೂ ಎಂಟುನೂರು ವರ್ಷ ಹಿಂದೆ, 949–50ರ ಸುಮಾರಿಗೆ, ಮದ್ದೂರಿನ ಹತ್ತಿರದ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಬೇಟೆನಾಯಿಗೂ ಕಲ್ಲು ನಿಲ್ಲಿಸಿದ ನಾಡು ಇದು. ಆ ನಾಯಿಯ ಹೆಸರು ಕಾಳಿ ಅಂತ ಇವತ್ತಿಗೂ ನಮಗೆ ಗೊತ್ತು, ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಸವಣೂರಿನ ಕೋಟೆ ಹೊರಗೆ ಒಳಗೆ ಸತ್ತ ಮನುಷ್ಯರ ಹೆಸರು ಗೊತ್ತಿಲ್ಲ. ಸವಣೂರಿನಲ್ಲಿ ಯಾವುದಾದರೂ ದೆವ್ವ ತಿರುಗುತ್ತಿದ್ದರೆ ಅದು ಈ ಕಾಲದ್ದೇ ಇರಬೇಕು, ಕೆರೆ ತಟಾಕ ಕಟ್ಟಿಸಿ ಕಲ್ಲು ನಿಲ್ಲಿಸಿಕೊಂಡ ಕಾಲದ್ದಲ್ಲ.

ವೀರಗಲ್ಲಿನ ಸಂಗತಿ ಬಂತಲ್ಲ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾದಾಟ: ತುರು ಹಿಡಿದವರು, ಬಾಣ, ಕುದುರೆ, ಬಿದ್ದವರು. ನಡುವೆ ಅಪ್ಸರೆಯರು ವೀರನನ್ನು ತೋಳು ಹಿಡಿದು, ಕೆಲವು ಸಲ ವಿಮಾನದಲ್ಲಿ ಕೂರಿಸಿ, ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಕೈಲಾಸ: ಲಿಂಗ, ಪೂಜಾರಿ, ನಂದಿ, ಕೈಮುಗಿದು ಕೂತ ವೀರ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ಈ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಓದಿದರೆ ಒಂದು ವಿಷಯ ಸ್ಪಷ್ಟ: ಇವನು ಇಲ್ಲಿ ಇಲ್ಲ. ಸತ್ತ ಗಳಿಗೆಯಲ್ಲೇ ಹೊರಟು ಹೋದ, ತಲುಪಿದ, ಕೂತ. ವೀರಗಲ್ಲು ಅಂದರೆ ಒಂದು ರೀತಿಯಲ್ಲಿ ತಲುಪಿದ ರಸೀದಿ. ಮಾಸ್ತಿಕಲ್ಲಿನ ಮಡಿಚಿದ ಕೈ, ಬಳೆ, ನಿಂಬೆಹಣ್ಣು ನೋಡಿದರೂ ಅದೇ ಮಾತು. ಈಗಿನ ನಮಗೆ ಆ ಸಾವಿನ ಹಿಂದಿನ ಒತ್ತಾಯ, ಹಿಂಸೆ ಕಾಣುತ್ತದೆ, ಕಾಣಲೂಬೇಕು. ಆದರೆ ಕಲ್ಲು ನಿಲ್ಲಿಸಿದವರ ಲೆಕ್ಕದಲ್ಲಿ ಅವಳು ಅಲೆಯುವವಳಲ್ಲ, ಪೂಜೆಗೊಳ್ಳುವವಳು. ದೆವ್ವ, ಪ್ರೇತ, ಪಿಶಾಚಿ ಅನ್ನುವುದೆಲ್ಲ ಹೋಗಬೇಕಾದಲ್ಲಿಗೆ ಹೋಗದೆ ಉಳಿದವರ ಹೆಸರು. ಕಲ್ಲಿದ್ದವನು ಹೋಗಿದ್ದಾನೆ ಅಂತ ಊರಿಗೆಲ್ಲ ಗೊತ್ತು.

ಇಂಥ ಕಲ್ಲು ನೋಡಲು ಸವಣೂರು ಬಿಟ್ಟು ಹೊರಡಬೇಕು. ಇಲ್ಲಿಂದ ಮುಂದೆ ಕಾಲ್ನಡಿಗೆ ಆಗೋದಿಲ್ಲ, ಗಾಡಿ ಬೇಕು, ಎರಡು ದಿನ ಬೇಕು. ಹೊರಡುವ ಮೊದಲು ಸವಣೂರಿನ ಖಾರಾ ಕಟ್ಟಿಸಿಕೊಳ್ಳಿ, ಎಲೆ ಅಡಿಕೆ ಹಾಕುವವರಿಗೆ ಎಲೆಯ ಬಗ್ಗೆ ಹೇಳಬೇಕಾಗಿಲ್ಲ.

ಮೊದಲು ಸಿಗುವುದು ಬಂಕಾಪುರ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರಿನ ಊರು. ಕೋಟೆಯೊಳಗಿನ ನಗರೇಶ್ವರ ಗುಡಿಗೆ ಜನ ಅರವತ್ತು ಕಂಬದ ಗುಡಿ ಅಂತಾರೆ. ಕೋಟೆ ಈಗ ನವಿಲುಧಾಮ. ಸಂಜೆ ಹೊತ್ತಿಗೆ ಹಾಳು ಕಂದಕದ ಕಡೆಯಿಂದ ನವಿಲು ಕೂಗುವುದನ್ನು ಕೇಳಿದರೆ ಹೊಸಬರಿಗೆ ಎದೆ ಝಲ್ಲೆನ್ನುತ್ತದೆ. ಹೆಂಗಸು ಕಿರುಚಿದ ಹಾಗೇ ಇರುತ್ತದೆ. ದೆವ್ವದ ಗೈಡಿಗೆ ಪುಕ್ಕಟೆ ಹಿನ್ನೆಲೆ ಸಂಗೀತ. ಆದರೆ ಬಂಕಾಪುರದಲ್ಲಿ ಹೇಳಬೇಕಾದ ಸಾವು ಬೇರೆ. ಗಂಗರ ದೊರೆ ಇಮ್ಮಡಿ ಮಾರಸಿಂಹ, ಯುದ್ಧದ ಮೇಲೆ ಯುದ್ಧ ಗೆದ್ದವನು, ಕೊನೆಗೆ ರಾಜ್ಯ ಬಿಟ್ಟು ಇಲ್ಲಿಗೆ ಬಂದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಉಪವಾಸದ ಸಲ್ಲೇಖನ ಮಾಡಿ ದೇಹ ಬಿಟ್ಟ. 974ರ ಸುಮಾರಿನ ಮಾತು. ಅದನ್ನು ನಮಗೆ ಹೇಳುವುದು ಬಂಕಾಪುರದ ಕಲ್ಲಲ್ಲ, ದೂರದ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಕೂಗೆ ಬ್ರಹ್ಮದೇವರ ಕಂಬ. ಸಾವು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಆ ಕಂಬ ಇಲ್ಲದಿದ್ದರೆ ಬಂಕಾಪುರದಲ್ಲಿ ಇವತ್ತು ‘ಯಾರೋ ರಾಜ ಅನ್ನ ನೀರು ಬಿಟ್ಟು ಸತ್ತ ಜಾಗ’ ಅಂತ ಒಂದು ದೆವ್ವ ಹುಟ್ಟಿರುತ್ತಿತ್ತು.

ಅಜಿತಸೇನರ ಹೆಸರು ಬಂದಾಗ ಅವರ ಶಿಷ್ಯನನ್ನು ನೆನೆಯದೆ ಹೋಗುವುದು ಹೇಗೆ? ಮುಧೋಳದ ರನ್ನ. ಸಾವಿರದ ಇಸವಿಯ ಆಸುಪಾಸಿನಲ್ಲಿ ಚಾಳುಕ್ಯ ಸತ್ಯಾಶ್ರಯ ಇರಿವಬೆಡಂಗನ ಆಶ್ರಯದಲ್ಲಿದ್ದವನು. ಅವನ ‘ಗದಾಯುದ್ಧ’ದಲ್ಲಿ ಸಂಜಯ ದುರ್ಯೋಧನನನ್ನು ರಣಭೂಮಿಯ ನಡುವೆ ಕರೆದುಕೊಂಡು ಹೋಗುತ್ತಾನೆ, ಶರಶಯ್ಯೆಯ ಮೇಲಿನ ಭೀಷ್ಮನ ಹತ್ತಿರಕ್ಕೆ. ದಾರಿಯಲ್ಲಿ ಹೆಣಗಳು, ಹೆಣಗಳ ನಡುವೆ ಮರುಳುಗಳು. ಹಳಗನ್ನಡದಲ್ಲಿ ಮರುಳ್ ಅಂದರೆ ದೆವ್ವವೂ ಹೌದು, ಹುಚ್ಚೂ ಹೌದು. ರನ್ನ ಆ ಎರಡರ್ಥದ ಮೇಲೆ ಆಟವಾಡಿ, ಮರುಳಿನ ಬಾಯಲ್ಲಿ ದುರ್ಯೋಧನನನ್ನೇ ಹಂಗಿಸುತ್ತಾನೆ. ನನ್ನ ದೃಷ್ಟಿಯಲ್ಲಿ ಕನ್ನಡದ ಮೊದಲ ದೆವ್ವದ ನಡಿಗೆ ಇದು, ಸಂಜಯ ಮೊದಲ ಗೈಡು. ಆದರೆ ನೋಡಿ, ಮರುಳುಗಳಿಗೆ ರನ್ನ ಹೆಸರು ಕೊಡುವುದಿಲ್ಲ. ದುರ್ಯೋಧನ ನಿಂತು ಅಳುವುದು ಹೆಸರಿದ್ದವರ ಮುಂದೆ: ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ. ಮರುಳುಗಳು ಇರುವುದು ನಗುವುದಕ್ಕೆ. ಕಾವ್ಯ ನಿಲ್ಲುವುದು ಹೆಣದ ಹೆಸರಿನ ಹತ್ತಿರ.

ಬಂಕಾಪುರದಿಂದ ಹಾನಗಲ್ಲು. ಶಾಸನಗಳ ಪಾನುಂಗಲ್, ಕದಂಬರ ಒಂದು ಶಾಖೆಯ ರಾಜಧಾನಿ. ಊರವರು ಇದನ್ನು ವಿರಾಟನಗರಿ ಅಂತಾರೆ, ಕುಂತಿಯ ದಿಬ್ಬ ತೋರಿಸುತ್ತಾರೆ. ತಾರಕೇಶ್ವರ ಗುಡಿಯ ಛತ್ತಿನ ಕಮಲ ನೋಡಲು ಬರುವ ಜನ ಅದನ್ನು ನೋಡಿ, ಫೋಟೋ ಹೊಡೆದು, ಹೊರಟುಬಿಡುತ್ತಾರೆ. ಹಾನಗಲ್ಲಿನ ಮುತ್ತಿಗೆಯನ್ನು ಹೇಳುವ ವೀರಗಲ್ಲಿನ ಮುಂದೆ ಒಂದು ಗಳಿಗೆ ಕೂತರೆ 1196ಕ್ಕೆ ಹೋಗಬಹುದು. ಆ ವರ್ಷ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಬಂದು ಆನೆಕೆರೆಯ ಹತ್ತಿರ ಬೀಡು ಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಸೇನಾಪತಿ ಸೋಹಣಿ ಮತ್ತು ಅವನ ಮಗ ಎದುರು ನಿಂತರು. ಬಲ್ಲಾಳ ಆ ಸಲ ಹಿಂದೆ ಸರಿಯಬೇಕಾಯಿತು, ಆದರೆ ಸೋಹಣಿ ಉಳಿಯಲಿಲ್ಲ. ಹೊಯ್ಸಳರ ಗುಡಿಗಳನ್ನು ನೋಡಿ ಬೆಳೆದ ನಮಗೆ ವೀರಬಲ್ಲಾಳ ಅಂದರೆ ಗೆಲ್ಲುವವನು. ಅವನನ್ನು ಹೊರಗೆ ತಡೆದು ನಿಲ್ಲಿಸಿದವನ ಹೆಸರು ಕೇಳಲು ಹಾನಗಲ್ಲಿಗೇ ಬರಬೇಕು. ‘ರಾತ್ರಿ ಕೆರೆ ಏರಿ ಮೇಲೆ ಕುದುರೆ ಸಪ್ಪಳ ಕೇಳತೈತ್ರಿ’ ಅಂತ ಒಂದು ಕಥೆ ಕಟ್ಟುವುದು ಬಹಳ ಸುಲಭ. ಆ ಕುದುರೆ ಯಾರದ್ದು ಅಂತ ಹೇಳಲಿಕ್ಕೆ ಸೋಹಣಿಯ ಹೆಸರು ಬೇಕು.

ಇದೇ ಕಾಮದೇವನ ಹೆಸರು ಹಿಡಿದು ಹೋದರೆ ಹಿರೇಕೆರೂರು ಕಡೆಯ ಅಬಲೂರು ಸಿಗುತ್ತದೆ. ದೆವ್ವದ ನಡಿಗೆಗಳಲ್ಲಿ ಎಲ್ಲ ದೇಶದಲ್ಲೂ ಒಂದು ತಲೆಯಿಲ್ಲದ ದೆವ್ವ ಇರಲೇಬೇಕು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಥೆಯೇ ಕಲ್ಲಿನ ಮೇಲಿದೆ. ಅಬಲೂರಿನ ಸೋಮೇಶ್ವರ ಗುಡಿಯ ಶಾಸನದ ಪ್ರಕಾರ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ, ತನ್ನ ತಲೆ ತಾನೇ ಅರಿದು ಶಿವನಿಗೆ ಕೊಟ್ಟು, ಏಳು ದಿನದ ಮೇಲೆ ಮರಳಿ ಪಡೆದ. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ, ಕಾಮದೇವನೂ ದತ್ತಿ ಬಿಟ್ಟ. 1200ರ ಸುಮಾರಿನ ಬರಹ ಇದು. ಗುಡಿಯಲ್ಲಿ ಈ ಪ್ರಸಂಗದ ಶಿಲ್ಪಗಳೂ ಇವೆ, ಅವುಗಳ ಜೊತೆಗೆ ಕನ್ನಡದ ಅಕ್ಷರವೂ ಇದೆ. ತಲೆ ಕೊಡುವುದು ನಮ್ಮ ಶಿಲ್ಪಕ್ಕೆ ಹೊಸತಲ್ಲ, ಸಿಡಿತಲೆಯ ಕಲ್ಲುಗಳು ನಾಡಿನ ಅನೇಕ ಕಡೆ ಇವೆ. ತಲೆ ಮರಳಿ ಬಂದದ್ದನ್ನು ನೀವು ಪವಾಡವೆನ್ನಿ, ಕಥೆಯೆನ್ನಿ. ಆದರೆ ಓದುವಾಗ ಒಂದು ಎಚ್ಚರ ಇರಲಿ: ಇದು ಗೆದ್ದವರು ಬರೆಸಿದ ಕಲ್ಲು. ಪಣದಲ್ಲಿ ಸೋತ ಅಬಲೂರಿನ ಜೈನರು, ಬಸದಿಯ ಮೂರ್ತಿ ಕಳಕೊಂಡವರು, ತಮ್ಮ ಮಾತನ್ನು ಹೇಳಿದ ಕಲ್ಲು ಅದರ ಪಕ್ಕದಲ್ಲಿಲ್ಲ. ಸವಣೂರಿನ 1756ರ ಹಾಗೆ ಇಲ್ಲೂ ದನಿಯಿಲ್ಲದವರಿದ್ದಾರೆ.

ಇಷ್ಟೆಲ್ಲ ಹೆಸರಿದ್ದರೂ ನಮ್ಮ ಹಳ್ಳಿಗಳಲ್ಲಿ ವೀರಗಲ್ಲಿನ ಹತ್ತಿರ ಕತ್ತಲಾದ ಮೇಲೆ ಹೋಗಬೇಡಿ ಅಂತಾರಲ್ಲ, ಯಾಕೆ? ‘ಅಕಡೆ ಹೋಗಬ್ಯಾಡ್ರಿ ಸರ, ಅಲ್ಲಿ ಪೀಡೆ ಐತಿ’ ಅನ್ನೋ ಮಾತು ಸರ್ವೇಕ್ಷಣೆಗೆ ಹೋದವರೆಲ್ಲ ಕೇಳಿರುತ್ತಾರೆ. ನನಗನ್ನಿಸುವುದು ಇಷ್ಟು: ಅಕ್ಷರ ಓದಲು ಬರದಾದ ದಿನ ಕಲ್ಲು ಬಾಯಿ ಮುಚ್ಚಿತು, ಆ ದಿನ ದೆವ್ವ ಹುಟ್ಟಿತು. ಹನ್ನೆರಡನೇ ಶತಮಾನದ ಕನ್ನಡ ಲಿಪಿ ಹದಿನೆಂಟನೇ ಶತಮಾನದ ರೈತನಿಗೆ ಗುರುತು ಸಿಗದಷ್ಟು ಬದಲಾಗಿತ್ತು. ಕಲ್ಲಿನಲ್ಲಿ ಏನೋ ಬರೆದಿದೆ, ಏನು ಅಂತ ಗೊತ್ತಿಲ್ಲ. ಅಂದ ಮೇಲೆ ಒಂದೋ ಅದು ದೆವ್ವ ಕಟ್ಟಿಹಾಕಿದ ಮಂತ್ರ, ಇಲ್ಲವೇ ನಿಧಿಯ ಗುಟ್ಟು.

ಈ ಎರಡನೆಯದೇ ಈಗ ದೊಡ್ಡ ಅಪಾಯ. ದೆವ್ವದ ಭಯ ಕಲ್ಲನ್ನು ಮುಟ್ಟಗೊಡದೆ ಕಾಯುತ್ತದೆ, ನಿಧಿಯ ಆಸೆ ಅದನ್ನು ಒಡೆಯುತ್ತದೆ. ದಾನಶಾಸನದ ತಲೆಯ ಮೇಲೆ ಸೂರ್ಯ ಚಂದ್ರ ಇರುವುದು ‘ಆಚಂದ್ರಾರ್ಕ’ ಅನ್ನುವುದಕ್ಕೆ. ಜೊತೆಗೆ ಲಿಂಗ, ಹಸು ಕರು, ಖಡ್ಗ. ನಿಧಿಗಳ್ಳರ ಓದು ಬೇರೆ: ಚಂದ್ರನ ದಿಕ್ಕಿಗೆ ಇಷ್ಟು ಹೆಜ್ಜೆ, ಹಸುವಿನ ಮುಖ ಇರುವ ಕಡೆ ಗುಂಡಿ. ನಾಗರಕಲ್ಲಾದರೆ ಕೆಳಗೆ ಹಾವು ಕಾಯುವ ಕೊಪ್ಪರಿಗೆ ಇದೆ ಅಂತಲೇ ಲೆಕ್ಕ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ, ಗುದ್ದಲಿ. ಬೆಳಗಾದರೆ ಗುಡಿಯ ಮುಂದೆ ಗುಂಡಿ, ಪಕ್ಕದಲ್ಲಿ ಎರಡು ತುಂಡಾದ ಕಲ್ಲು. ಇಂಥ ಸುದ್ದಿ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತವೆ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು ಅನ್ನುವ ಕಾನೂನು 1878ರಷ್ಟು ಹಳೆಯದು. ನಿಧಿಯ ಹೆಸರಿನಲ್ಲಿ ಮಾಡುವ ಅಮಾನವೀಯ ವಾಮಾಚಾರವನ್ನು ಕರ್ನಾಟಕದ 2017ರ ಕಾಯ್ದೆ, 2020ರ ಜನವರಿಯಿಂದ ಜಾರಿಗೆ ಬಂದದ್ದು, ಅಪರಾಧ ಅನ್ನುತ್ತದೆ. ಕಾನೂನು ಇದೆ, ಕಾವಲು ಇಲ್ಲ. ಅಂಥದ್ದರಲ್ಲಿ ದೆವ್ವದ ನಡಿಗೆ ನಡೆಸುವವರು ‘ಈ ಕಲ್ಲಿನ ಕೆಳಗೆ ಏನೋ ಇದೆ’ ಅಂತ ಒಂದು ಮಾತು ಮಸಾಲೆಗೆ ಸೇರಿಸಿದರೂ ಸಾಕು, ಮುಂದಿನ ಅಮಾವಾಸ್ಯೆಗೆ ಆ ಕಲ್ಲು ಇರುವುದಿಲ್ಲ. ನನ್ನ ಆಕ್ಷೇಪದ ನಿಜವಾದ ಕಾರಣ ಇದು. ಕಥೆ ಸುಳ್ಳಿರಲಿ, ಅದರಿಂದ ಮುರಿಯುವ ಕಲ್ಲು ನಿಜದ್ದು.

ರಾಜಸ್ಥಾನದ ಭಾನಗಢದಲ್ಲಿ ಪುರಾತತ್ವ ಇಲಾಖೆಯ ಒಂದು ಫಲಕ ಇದೆ, ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಪ್ರವೇಶ ನಿಷೇಧ ಅಂತ. ಸರ್ಕಾರವೇ ದೆವ್ವ ಒಪ್ಪಿಕೊಂಡಿದೆ ಅಂತ ಅದರ ಫೋಟೋ ಊರೆಲ್ಲ ಓಡಾಡುತ್ತದೆ. ಬೆಳಿಗ್ಗೆಯಿಂದ ಸಂಜೆಯ ತನಕ ಮಾತ್ರ ಪ್ರವೇಶ ಅನ್ನುವುದು ಇಲಾಖೆಯ ಎಷ್ಟೋ ಸ್ಮಾರಕಗಳಿಗೆ ಇರುವ ಮಾಮೂಲಿ ನಿಯಮ. ಕಲ್ಲು ಓದಲು ಬರದಿದ್ದರೆ ದೆವ್ವ ಹುಟ್ಟುತ್ತದೆ ಅಂದೆನಲ್ಲ, ತಗಡಿನ ಫಲಕ ಓದಲು ಬಂದರೂ ಹುಟ್ಟುತ್ತದೆ.

ಹಾಗಂತ ರಾತ್ರಿ ನಡಿಗೆಯೇ ಬೇಡ ಅನ್ನುವುದಿಲ್ಲ. ಶಾಸನ ಓದುವವರಿಗೆ ಕತ್ತಲು ಗೆಳೆಯ. ಮಧ್ಯಾಹ್ನದ ನೆತ್ತಿಬಿಸಿಲಲ್ಲಿ ಬೋಳು ಬಂಡೆಯಂತೆ ಕಾಣುವ ಸವೆದ ವೀರಗಲ್ಲು, ಕತ್ತಲಲ್ಲಿ ಪಕ್ಕದಿಂದ ಓರೆಯಾಗಿ ಟಾರ್ಚು ಹಿಡಿದರೆ ಬಾಯಿ ಬಿಡುತ್ತದೆ. ಅಕ್ಷರದ ತಗ್ಗಿನಲ್ಲಿ ನೆರಳು ತುಂಬಿಕೊಂಡು ಸಾಲು ಮೇಲೆದ್ದು ಬರುತ್ತದೆ. ಬೆಳಕನ್ನು ಕಲ್ಲಿನ ಮೈಗೆ ತಾಗುವಷ್ಟು ಮಟ್ಟಸವಾಗಿ, ಮೊದಲು ಎಡದಿಂದ, ಆಮೇಲೆ ಮೇಲಿನಿಂದ, ಆಮೇಲೆ ಬಲದಿಂದ ಹಿಡಿಯಿರಿ. ಕ್ಯಾಮೆರಾ ಕದಲಿಸದೆ ಪ್ರತಿ ಬೆಳಕಿಗೂ ಒಂದೊಂದು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಒತ್ತು, ತಲೆಕಟ್ಟು ಇನ್ನೊಂದರಲ್ಲಿ ಕಾಣುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ತಮ್ಮ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಅದರ ಹಿಂದಿನ ತತ್ವವೂ ಹೆಚ್ಚು ಕಡಿಮೆ ಇದೇ, ಅಲ್ಲಿ ನೆರಳನ್ನು ಕಂಪ್ಯೂಟರಿನೊಳಗೆ ಬೀಳಿಸುತ್ತಾರೆ. ಸೀಮೆಸುಣ್ಣ, ರಂಗೋಲಿ ಹಿಟ್ಟು, ಬಣ್ಣ ತುಂಬಬೇಡಿ. ಬೇಕೆನ್ನಿಸಿದರೆ ಸೀಮೆಸುಣ್ಣವನ್ನು ಬಾಗಿಲಿಗೆ ಇಟ್ಟುಕೊಳ್ಳಿ.

ಸಂರಕ್ಷಿತ ಸ್ಮಾರಕದೊಳಗೆ ರಾತ್ರಿ ಬಿಡುವುದಿಲ್ಲ. ಆದರೆ ಕೆರೆ ಏರಿ, ಊರ ಅಗಸಿ, ಹನುಮಪ್ಪನ ಗುಡಿಯ ಕಟ್ಟೆ, ಹೊಲದ ಬದು ಇಲ್ಲೆಲ್ಲ ಬಿದ್ದಿರುವ ಕಲ್ಲುಗಳಿಗೆ ಯಾರ ಬೀಗವೂ ಇಲ್ಲ. ಹೋಗುವಾಗ ಆ ಓಣಿಯವರನ್ನೇ ಜೊತೆಗೆ ಕರಕೊಳ್ಳಿ. ಒಂದು ಹೆಸರು ಕೂಡಿ ಬಂದರೆ ಜೋರಾಗಿ ಓದಿ ಹೇಳಿ. ‘ಇಂವಾ ಇಂಥಾವ್ರ ಮಗಾ, ದನಾ ಬಿಡಸಾಕ ಹೋಗಿ ಸತ್ತಾನ’ ಅಂತ ಅವರ ಮಾತಿನಲ್ಲೇ ಹೇಳಿ. ಬೆಳದಿಂಗಳಿಗಿಂತ ಅಮಾವಾಸ್ಯೆಯ ಆಸುಪಾಸು ಓದಿಗೆ ಒಳ್ಳೆಯದು, ಬೇರೆ ಬೆಳಕಿನ ಕಾಟ ಇರುವುದಿಲ್ಲ. ಆದರೆ ಅಮಾವಾಸ್ಯೆ ರಾತ್ರಿ ನಾಲ್ಕು ಜನ ಅಪರಿಚಿತರು ಟಾರ್ಚು ಹಿಡಿದು ಕಲ್ಲಿನ ಬುಡದಲ್ಲಿ ಕೂತರೆ ಊರವರು ದೆವ್ವ ಅಂತ ಓಡಿ ಹೋಗೋದಿಲ್ಲ, ನಿಧಿಗಳ್ಳರು ಅಂತ ಹಿಡಿದು ಕಂಬಕ್ಕೆ ಕಟ್ಟುತ್ತಾರೆ. ಅದಕ್ಕೆ ಹಿಂದಿನ ದಿನವೇ ಪಂಚಾಯಿತಿಗೆ, ಗುಡಿ ಪೂಜಾರಿಗೆ ಒಂದು ಮಾತು ಹೇಳಿ ಹೋಗಿ, ಗಾಡಿಯಲ್ಲಿ ಹಾರೆ ಗುದ್ದಲಿ ಇಲ್ಲ ಅಂತ ಅವರೇ ನೋಡಿಕೊಳ್ಳಲಿ.